ಬೇಸಗೆಯ ವಿದ್ಯಾಪೀಠ: ಪ್ಯಾಟ್ರಿಕ್ ಗೆಡ್ಡಿಸ್ ಅವರ ಜೀವನ ಮತ್ತು ಸಾಧನೆ

ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ವಿಭಾಗವು ಆರಂಭವಾದದ್ದು 1919ರಲ್ಲಿ. ಅದರ ಮೊದಲ ಪ್ರಾಧ್ಯಾಪಕರಾಗಿ ನೇಮಕಗೊಂಡ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಅವರು ಆಗ ಅರವತ್ತನಾಲ್ಕು ವರ್ಷಗಳನ್ನು ದಾಟಿದ್ದರು. ಅದಕ್ಕೆ ಮೊದಲು ಮೂರು ದಶಕಗಳ ಕಾಲ ಅವರು ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಪರೀಕ್ಷೆ ಬರೆದು ಪಡೆದ ಪದವಿ ಒಂದೂ ಅವರ ಹೆಸರಿನ ಮುಂದೆ ಇರಲಿಲ್ಲ. ಇಂದು ಅವರನ್ನು ನಗರಯೋಜನೆಯ ಆದ್ಯರಲ್ಲಿ ಒಬ್ಬರೆಂದು ಸ್ಮರಿಸಲಾಗುತ್ತದೆ. ಆದರೆ ವಿದ್ಯಾಭ್ಯಾಸದ ಇತಿಹಾಸದಲ್ಲಿ ಅವರಿಗೆ ಸಲ್ಲಬೇಕಾದ ಇನ್ನೊಂದು ಸ್ಥಾನವಿದೆ. ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ಕೆಲವು ವಾರಗಳ ಮಟ್ಟಿಗೆ ಒಂದು ಊರಿನಲ್ಲಿ ಕೂಡಿ ಕಲಿಯುವ ಪದ್ಧತಿಗೆ ತಾತ್ತ್ವಿಕವಾದ ನೆಲೆಗಟ್ಟನ್ನು ಒದಗಿಸಿದವರಲ್ಲಿ ಅವರು ಪ್ರಮುಖರು. ಇಷ್ಟು ಅಲ್ಪಾವಧಿಯಲ್ಲಿ ಪರದೇಶದ ಊರೊಂದು ವಿದ್ಯಾರ್ಥಿಗೆ ಏನನ್ನು ಕಲಿಸಬಲ್ಲದು ಎಂಬ ಪ್ರಶ್ನೆಗೆ ಅವರ ಬದುಕೇ ಒಂದು ಸುದೀರ್ಘ ಉತ್ತರವಾಗಿತ್ತು. ಆ ಉತ್ತರದಲ್ಲಿ ಯಶಸ್ಸಿನಷ್ಟೇ ಸೋಲೂ ಸೇರಿಕೊಂಡಿದೆ.

ಗೆಡ್ಡಿಸ್ ಅವರು ಹುಟ್ಟಿದ್ದು 1854ರ ಅಕ್ಟೋಬರ್ 2ರಂದು, ಅಬರ್ಡೀನ್‌ಷೈರಿನ ಬ್ಯಾಲಟರ್ ಎಂಬ ಊರಿನಲ್ಲಿ. ತಂದೆ ಸೈನ್ಯದಲ್ಲಿ ಸೇವೆ ಸಲ್ಲಿಸಿದವರು. ಕುಟುಂಬವು ಪರ್ತ್ ಪಟ್ಟಣದ ಅಂಚಿನಲ್ಲಿ, ಗುಡ್ಡದ ಮಗ್ಗುಲಲ್ಲಿದ್ದ ಪುಟ್ಟ ಮನೆಯೊಂದರಲ್ಲಿ ನೆಲೆಸಿತು. ಮನೆಯ ತೋಟ, ಹಿಂದಿನ ಗುಡ್ಡ, ಕೆಳಗೆ ಹರಿಯುವ ನದಿ, ನದಿಯ ದಡದಲ್ಲಿ ಪಟ್ಟಣ ಇವೆಲ್ಲವೂ ಒಂದೇ ನೋಟಕ್ಕೆ ಸಿಗುವಂಥ ಎಡೆ ಅದು. ಮುಂದೆ ಅವರು ರೂಪಿಸಿದ ಕಲಿಕೆಯ ಕ್ರಮದಲ್ಲಿ ಎತ್ತರದಲ್ಲಿ ನಿಂತು ಸುತ್ತಣ ನಾಡನ್ನು ಸಮಗ್ರವಾಗಿ ನೋಡುವುದು ಮೊದಲ ಪಾಠವಾದುದಕ್ಕೆ ಈ ಬಾಲ್ಯದ ಪರಿಸರವೇ ಮೂಲವೆನ್ನಬಹುದು.

ಕೆಲಕಾಲ ಬ್ಯಾಂಕಿನಲ್ಲಿ ದುಡಿದ ಅನಂತರ ಸಸ್ಯಶಾಸ್ತ್ರವನ್ನು ಕಲಿಯಲೆಂದು ಅವರು ಎಡಿನ್‌ಬರೋ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿಯ ಬೋಧನೆ ಒಗ್ಗದೆ ಒಂದು ವಾರದಲ್ಲೇ ಹೊರಬಂದರು. 1874ರಲ್ಲಿ ಲಂಡನ್ನಿಗೆ ಹೋಗಿ, ಡಾರ್ವಿನ್ನನ ವಾದದ ಪ್ರಬಲ ಸಮರ್ಥಕರಾಗಿದ್ದ ಟಿ. ಎಚ್. ಹಕ್ಸ್‌ಲಿ ಅವರ ಶಿಷ್ಯರಾದರು. ಹಕ್ಸ್‌ಲಿ ಅವರೇ ಈ ತರುಣನನ್ನು ಫ್ರಾನ್ಸಿಗೆ, ಬ್ರಿಟನಿಯ ಕಡಲತೀರದ ರಾಸ್ಕಾಫ್ ಎಂಬಲ್ಲಿಗೆ ಕಳುಹಿಸಿದರು. ಅಲ್ಲಿ 1872ರಲ್ಲಿ ಲಕಾಜ್-ದ್ಯುತಿಯೇ ಅವರು ಸ್ಥಾಪಿಸಿದ್ದ ಕಡಲಜೀವಿಗಳ ಅಧ್ಯಯನ ಕೇಂದ್ರವಿತ್ತು. ಅಲೆ ಇಳಿದಾಗ ದಡದಲ್ಲಿ ಜೀವಿಗಳನ್ನು ಸಂಗ್ರಹಿಸುವುದು, ಮರಳಿ ಬಂದು ಅವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು, ಜೊತೆಯವರೊಡನೆ ಚರ್ಚಿಸುವುದು ಅಲ್ಲಿಯ ದಿನಚರಿ. ಅಲ್ಲಿಂದ ಪ್ಯಾರಿಸಿಗೆ ಹೋದಾಗ ಎದ್ಮಂ ದ್ಯಮೊಲ್ಯಾಂ ಅವರ ಮೂಲಕ ಫ್ರೆಡರಿಕ್ ಲ ಪ್ಲೇ ಎಂಬ ಸಮಾಜಚಿಂತಕರ ವಿಚಾರಗಳು ಅವರಿಗೆ ಪರಿಚಯವಾದವು. ಸ್ಥಳ, ಕೆಲಸ, ಕುಟುಂಬ ಎಂಬ ಮೂರು ನೆಲೆಗಳಿಂದ ಸಮಾಜವನ್ನು ಅರಿಯಬೇಕೆಂಬುದು ಲ ಪ್ಲೇ ಅವರ ಸೂತ್ರ. ಗೆಡ್ಡಿಸ್ ಅವರು ಕುಟುಂಬದ ಎಡೆಯಲ್ಲಿ ಜನ ಎಂಬುದನ್ನಿರಿಸಿ ಅದನ್ನು ಜೀವನಪರ್ಯಂತ ಅನುಸರಿಸಿದರು. ಹೀಗೆ ಅವರ ಚಿಂತನೆಯ ಎರಡು ಮುಖ್ಯ ಎಳೆಗಳು ಪರದೇಶದ ಅಲ್ಪಕಾಲದ ವಾಸದಲ್ಲಿಯೇ ದೊರೆತವು ಎಂಬುದು ಗಮನಾರ್ಹ.

1879ರಲ್ಲಿ ಸಂಶೋಧನೆಗೆಂದು ಮೆಕ್ಸಿಕೋಗೆ ಹೋದಾಗ ಅವರಿಗೆ ಕಣ್ಣಿನ ತೊಂದರೆ ಉಂಟಾಗಿ, ವಾರಗಟ್ಟಲೆ ಕತ್ತಲ ಕೋಣೆಯಲ್ಲಿ ಇರಬೇಕಾಯಿತು. ದೃಷ್ಟಿ ಮರಳಿತಾದರೂ ಸೂಕ್ಷ್ಮದರ್ಶಕದ ಮುಂದೆ ದೀರ್ಘಕಾಲ ಕೂರುವ ವಿಜ್ಞಾನಿಯ ಬದುಕು ಅವರ ಪಾಲಿಗೆ ಮುಗಿದಂತಾಯಿತು. ಕಿರಿದಾದುದನ್ನು ದಿಟ್ಟಿಸುವ ಬದಲು ಹಿರಿದಾದುದನ್ನು ಒಟ್ಟಾಗಿ ಗ್ರಹಿಸುವ ಕಡೆಗೆ ಅವರ ಮನಸ್ಸು ತಿರುಗಿತು.

1886ರಲ್ಲಿ ಅವರು ಆನಾ ಮಾರ್ಟನ್ ಅವರನ್ನು ವಿವಾಹವಾದರು. ಲಿವರ್‌ಪೂಲಿನ ವರ್ತಕರ ಮಗಳಾದ ಆನಾ ಸಂಗೀತದಲ್ಲಿ ಪರಿಶ್ರಮವಿದ್ದವರು. ದಂಪತಿಗಳು ಎಡಿನ್‌ಬರೋದ ಹಳೆಯ ಪೇಟೆಯಲ್ಲಿ, ಅನುಕೂಲಸ್ಥರು ಬಿಟ್ಟುಹೋಗಿ ಬಡವರ ಬೀಡಾಗಿದ್ದ ಜೇಮ್ಸ್ ಕೋರ್ಟಿನಲ್ಲಿ ಮನೆ ಹೂಡಿದರು. ನೆರೆಹೊರೆಯವರೊಡನೆ ಸೇರಿ ಗೋಡೆಗಳಿಗೆ ಸುಣ್ಣ ಬಳಿಯುವುದು, ಕಸ ಬಿದ್ದ ಜಾಗಗಳನ್ನು ತೋಟ ಮಾಡುವುದು ಅವರ ಸಮಾಜಸೇವೆಯ ಆರಂಭ. 1887ರಲ್ಲಿ, ವಿದ್ಯಾರ್ಥಿಗಳೇ ಆಡಳಿತ ನಡೆಸುವ ನಿಲಯವನ್ನು ಅಲ್ಲಿಯೇ ತೆರೆದರು. ಅದೇ ವರ್ಷದ ಬೇಸಗೆಯಲ್ಲಿ ಅವರ ಬೇಸಗೆ ಸಮ್ಮೇಳನಗಳೂ ಮೊದಲಾದವು.

ಬೇಸಗೆಯಲ್ಲಿ ಪಾಠ ಹೇಳುವುದು ಆ ಕಾಲಕ್ಕೆ ತೀರ ಹೊಸದೇನಲ್ಲ. ಅಮೆರಿಕದ ಶಟಾಕ್ವದಲ್ಲಿ 1874ರಿಂದಲೇ ಅಂಥ ಕೂಟಗಳು ನಡೆದಿದ್ದವು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವು ಎಡಿನ್‌ಬರೋದ ಮರುವರ್ಷ, ಅಂದರೆ 1888ರಲ್ಲಿ, ತನ್ನ ಬೇಸಗೆ ಕೂಟವನ್ನು ಆರಂಭಿಸಿತು. ಗೆಡ್ಡಿಸ್ ಅವರ ವೈಶಿಷ್ಟ್ಯವಿರುವುದು ಕಲಿಕೆಯ ಕ್ರಮದಲ್ಲಿ. ಕಡಲಜೀವಿಗಳು ಮತ್ತು ಸಸ್ಯಗಳ ಪಾಠದಿಂದ ಮೊದಲಾದ ಈ ಕೂಟವು ಕೆಲವೇ ವರ್ಷಗಳಲ್ಲಿ ಭೂಗೋಳ, ಇತಿಹಾಸ, ಸಮಾಜಶಾಸ್ತ್ರ, ಸಾಹಿತ್ಯ, ಕಲೆಗಳನ್ನು ಒಳಗೊಂಡು ಆಗಸ್ಟ್ ತಿಂಗಳ ಉದ್ದಕ್ಕೂ ನಡೆಯತೊಡಗಿತು. ಬೆಳಗ್ಗೆ ಉಪನ್ಯಾಸ, ಮಧ್ಯಾಹ್ನ ಗುಡ್ಡ, ಕಡಲತೀರ, ಹಳೆಯ ಕೇರಿಗಳ ಸಂದರ್ಶನ, ಸಂಜೆ ಸಂಗೀತ ಮತ್ತು ಮಾತುಕತೆ. ಪ್ರಸಿದ್ಧ ಫ್ರೆಂಚ್ ಭೂಗೋಳಶಾಸ್ತ್ರಜ್ಞ ಎಲಿಸೆ ರೆಕ್ಲು, ದ್ಯಮೊಲ್ಯಾಂ, ಪ್ರಾಣಿಶಾಸ್ತ್ರಜ್ಞ ಜೆ. ಆರ್ಥರ್ ಥಾಮ್ಸನ್ ಮುಂತಾದವರು ಅಲ್ಲಿ ಉಪನ್ಯಾಸ ನೀಡಿದರು. ಬ್ರಿಟನ್ನಿನವರಷ್ಟೇ ಅಲ್ಲದೆ ಯೂರೋಪಿನ ಇತರ ದೇಶಗಳಿಂದಲೂ ಅಮೆರಿಕದಿಂದಲೂ ವಿದ್ಯಾರ್ಥಿಗಳೂ ಅಧ್ಯಾಪಕರೂ ಬಂದರು. ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯಗಳು ಸ್ತ್ರೀಯರಿಗೆ ಪದವಿ ತರಗತಿಗಳ ಬಾಗಿಲನ್ನು ತೆರೆದದ್ದು 1892ರಲ್ಲಿ. ಅದಕ್ಕಿಂತ ಮೊದಲೇ ಈ ಕೂಟದಲ್ಲಿ ಅವರಿಗೆ ಸಮಾನವಾದ ಆಸನ ದೊರೆತಿತ್ತು. ಬಂದವರ ವಸತಿ, ಊಟೋಪಚಾರ, ಸಂಜೆಯ ಸಂಗೀತ ಇವುಗಳ ಹೊಣೆ ಹೊತ್ತವರು ಆನಾ. ಪತಿಯ ಯೋಜನೆಗಳು ಕಾಗದದಲ್ಲಿಯೇ ಉಳಿಯದೆ ನಡೆದುಬಂದುದರಲ್ಲಿ ಅವರ ಪಾಲು ದೊಡ್ಡದು.

ಇದಕ್ಕೆ ಅನುಕೂಲವಾಗಿ ಒದಗಿದ್ದು ಅವರ ಉದ್ಯೋಗ. 1888ರಲ್ಲಿ ಡಂಡೀ ನಗರದ ಕಾಲೇಜಿನಲ್ಲಿ ದೊರೆತ ಸಸ್ಯಶಾಸ್ತ್ರದ ಪೀಠದಲ್ಲಿ ವರ್ಷಕ್ಕೆ ಒಂದು ಅವಧಿ ಮಾತ್ರ, ಗಿಡಮರಗಳು ಹೂವು ಬಿಡುವ ಮೂರು ತಿಂಗಳು, ಬೋಧಿಸಿದರೆ ಸಾಕಾಗಿತ್ತು. ಉಳಿದ ಕಾಲವನ್ನು ಅವರು ಎಡಿನ್‌ಬರೋಗೆ ಮೀಸಲಿಟ್ಟರು. 1892ರಲ್ಲಿ ಕೋಟೆಯ ಸಮೀಪದ ಹಳೆಯ ಕಟ್ಟಡವೊಂದನ್ನು ಪಡೆದು ಅದನ್ನು ಔಟ್‌ಲುಕ್ ಟವರ್ ಎಂಬ ಅಧ್ಯಯನ ಮಂದಿರವನ್ನಾಗಿ ಪರಿವರ್ತಿಸಿದರು. ವಿದ್ಯಾರ್ಥಿಯು ಮೊದಲು ನೇರವಾಗಿ ತುದಿಗೆ ಏರಬೇಕು. ಅಲ್ಲಿಯ ಕತ್ತಲ ಕೋಣೆಯಲ್ಲಿ ಮಸೂರ ಮತ್ತು ಕನ್ನಡಿಗಳ ಮೂಲಕ ಬಿಳಿಯ ಮೇಜಿನ ಮೇಲೆ ಮೂಡುವ ನಗರದ ಜೀವಂತ ಚಿತ್ರವನ್ನು ನೋಡಬೇಕು. ಆಮೇಲೆ ಒಂದೊಂದೇ ಅಂತಸ್ತು ಇಳಿಯುತ್ತ ಎಡಿನ್‌ಬರೋ, ಸ್ಕಾಟ್ಲೆಂಡ್, ಇಂಗ್ಲಿಷ್ ಆಡುವ ನಾಡುಗಳು, ಯೂರೋಪ್, ಕೊನೆಗೆ ಜಗತ್ತು ಎಂಬ ಕ್ರಮದಲ್ಲಿ ಪ್ರದರ್ಶನಗಳನ್ನು ಅಭ್ಯಸಿಸಬೇಕು. ನಡುವೆ ಒಂದೇ ಕುರ್ಚಿಯಿರುವ ಬರಿದಾದ ಕೋಣೆ. ಕಂಡದ್ದನ್ನು ಒಳಗೆ ತಂದುಕೊಳ್ಳಲು ಅಲ್ಲಿ ಕೂರಬೇಕು. ನಿಂತ ನೆಲವನ್ನು ಅರಿಯದವನಿಗೆ ಜಗತ್ತು ಅರ್ಥವಾಗದು, ಜಗತ್ತನ್ನು ಅರಿಯದವನಿಗೆ ನಿಂತ ನೆಲವೂ ಪೂರ್ತಿ ಅರ್ಥವಾಗದು ಎಂಬುದು ಈ ರಚನೆಯ ತಾತ್ಪರ್ಯ. ಪರನಾಡಿನಿಂದ ಬಂದ ವಿದ್ಯಾರ್ಥಿ ಎಡಿನ್‌ಬರೋವನ್ನು ಓದುವ ಬಗೆಯನ್ನು ಕಲಿತು, ಊರಿಗೆ ಮರಳಿ ತನ್ನ ಊರನ್ನು ಹಾಗೆಯೇ ಓದಬೇಕೆಂಬುದು ಅವರ ಆಶಯ. ಷಿಕಾಗೋದ ಚಾರ್ಲ್ಸ್ ಝೂಬ್ಲಿನ್ ಅವರು 1899ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಮಂದಿರವನ್ನು ಜಗತ್ತಿನ ಮೊದಲ ಸಮಾಜಶಾಸ್ತ್ರೀಯ ಪ್ರಯೋಗಶಾಲೆಯೆಂದು ಬಣ್ಣಿಸಿದರು.

ಆದರೆ ಈ ಪ್ರಯೋಗ ಬಹುಕಾಲ ಬಾಳಲಿಲ್ಲ. ಕಟ್ಟಡಗಳ ಖರೀದಿ ಮತ್ತು ದುರಸ್ತಿಗೆ ಆನಾ ಅವರ ಪಿತ್ರಾರ್ಜಿತವೂ ವೆಚ್ಚವಾಯಿತು. ಸಾಲದ ಹೊರೆ ತಡೆಯಲಾಗದೆ 1896ರಲ್ಲಿ ಸ್ನೇಹಿತರು ಒಂದು ಸಂಘವನ್ನು ರಚಿಸಿ ಆಸ್ತಿಗಳನ್ನು ವಹಿಸಿಕೊಳ್ಳಬೇಕಾಯಿತು. ಒಂದನ್ನು ನೆಲೆಗೊಳಿಸುವ ಮೊದಲೇ ಇನ್ನೊಂದಕ್ಕೆ ಹಾರುವ ಸ್ವಭಾವ ಗೆಡ್ಡಿಸ್ ಅವರದು. 1897ರಲ್ಲಿ ದಂಪತಿಗಳು ಆರ್ಮೇನಿಯದ ನಿರಾಶ್ರಿತರ ನೆರವಿಗೆಂದು ಸೈಪ್ರಸಿಗೆ ತೆರಳಿದರು. ಶತಮಾನ ಮುಗಿಯುವ ಹೊತ್ತಿಗೆ ಎಡಿನ್‌ಬರೋದ ಬೇಸಗೆ ಸಮ್ಮೇಳನಗಳು ನಿಂತವು. 1900ರಲ್ಲಿ ಪ್ಯಾರಿಸಿನ ಮಹಾ ಪ್ರದರ್ಶನದ ಸಂದರ್ಭದಲ್ಲಿ, ಆ ಪ್ರದರ್ಶನವನ್ನೇ ಪಠ್ಯವಾಗಿಟ್ಟುಕೊಂಡು ಅಂತರರಾಷ್ಟ್ರೀಯ ಬೇಸಗೆ ಶಾಲೆಯೊಂದನ್ನು ಅವರು ನಡೆಸಿದರು. ಅಲ್ಲಿ ಅವರಿಗೆ ಸಹಾಯಕರಾಗಿ ದುಡಿದವರಲ್ಲಿ ಸ್ವಾಮಿ ವಿವೇಕಾನಂದರ ಶಿಷ್ಯೆ ಸೋದರಿ ನಿವೇದಿತಾ ಒಬ್ಬರು. ಭಾರತದೊಡನೆ ಗೆಡ್ಡಿಸ್ ಅವರ ನಂಟು ಬಲಿತದ್ದು ಆ ಕಾಲದಲ್ಲಿ.

ಮದರಾಸಿನ ಗವರ್ನರ್ ಲಾರ್ಡ್ ಪೆಂಟ್ಲೆಂಡ್ ಅವರ ಆಹ್ವಾನದ ಮೇರೆಗೆ 1914ರಲ್ಲಿ ಅವರು ಭಾರತಕ್ಕೆ ಬಂದರು. ಅವರ ನಗರಪ್ರದರ್ಶನದ ಸಾಮಗ್ರಿಯನ್ನು ಹೊತ್ತ ಹಡಗನ್ನು ಜರ್ಮನ್ ನೌಕೆ ಎಮ್‌ಡೆನ್ ಮುಳುಗಿಸಿತು. ಎದೆಗುಂದದೆ ಮಿತ್ರರ ನೆರವಿನಿಂದ ಹೊಸ ಸಾಮಗ್ರಿ ಕೂಡಿಸಿ 1915ರ ಆರಂಭದಲ್ಲಿ ಮದರಾಸಿನಲ್ಲಿ ಪ್ರದರ್ಶನವನ್ನು ತೆರೆದರು. ಆ ಪ್ರಾಂತ್ಯದ ಪಟ್ಟಣಗಳನ್ನು ಕುರಿತು ಅವರು ಸಿದ್ಧಪಡಿಸಿದ ವರದಿಗಳಲ್ಲಿ, ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯೂ ಇದೆ. ಹಳೆಯ ಕೇರಿಗಳನ್ನು ಕೆಡವಿ ನೇರವಾದ ಅಗಲ ರಸ್ತೆಗಳನ್ನು ಹಾಯಿಸುವುದನ್ನು ಅವರು ವಿರೋಧಿಸಿದರು. ಊರನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಅಗತ್ಯವಿದ್ದಷ್ಟನ್ನೇ ತೆಗೆದು, ಕೆರೆ ಮರ ಗುಡಿಗಳನ್ನು ಉಳಿಸಿಕೊಳ್ಳಬೇಕೆಂದು ವಾದಿಸಿದರು. ಬೇಸಗೆಯ ವಿದ್ಯಾರ್ಥಿಗಳಿಗೆ ಕಲಿಸಿದ ನೋಟವೇ ಇಲ್ಲಿ ಯೋಜಕನ ವಿಧಾನವಾಯಿತು.

1917ರ ವರ್ಷ ಅವರಿಗೆ ಅತ್ಯಂತ ಕಠಿಣವಾದುದು. ಜಗದೀಶಚಂದ್ರ ಬೋಸ್ ಅವರ ಸಹಕಾರದೊಡನೆ ಡಾರ್ಜಿಲಿಂಗ್‌ನಲ್ಲಿ ಅವರು ಬೇಸಗೆ ಸಮ್ಮೇಳನವನ್ನು ಏರ್ಪಡಿಸಿದ್ದು ಆ ವರ್ಷವೇ. ಹಿರಿಯ ಮಗ ಅಲಸ್ಡೇರ್ ಫ್ರಾನ್ಸಿನ ರಣರಂಗದಲ್ಲಿ ಏಪ್ರಿಲಿನಲ್ಲಿ ಮಡಿದ ವಾರ್ತೆ ಬಂದಾಗ ಆನಾ ಭಾರತದಲ್ಲಿಯೇ ಹಾಸಿಗೆ ಹಿಡಿದಿದ್ದರು. ಗೆಡ್ಡಿಸ್ ಅವರು ಆ ವಾರ್ತೆಯನ್ನು ಪತ್ನಿಗೆ ತಿಳಿಸಲೇ ಇಲ್ಲ. ಜೂನ್ ತಿಂಗಳಲ್ಲಿ ಆನಾ ತೀರಿಕೊಂಡರು. ಮೂವತ್ತು ಬೇಸಗೆಗಳ ಜೊತೆಗಾತಿಯನ್ನು ಕಳೆದುಕೊಂಡ ಮೇಲೆಯೂ ಅವರು ಕೆಲಸದಿಂದ ಹಿಂದೆ ಸರಿಯಲಿಲ್ಲ. ಆದರೆ ಅವರ ಯೋಜನೆಗಳಿಗೆ ಇದ್ದ ಗೃಹಸ್ಥಿಕೆಯ ಆಸರೆ ಆಮೇಲೆ ಹಾಗೆ ದೊರೆಯಲಿಲ್ಲ.

ಮುಂಬಯಿಯ ಅವಧಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಪರೀಕ್ಷೆಯನ್ನು ವಿದ್ಯೆಯ ವೈರಿಯೆಂದು ಬಗೆದ ಅಧ್ಯಾಪಕರು ಪರೀಕ್ಷೆಯನ್ನೇ ಗುರಿಯಾಗಿಸಿಕೊಂಡ ವಿದ್ಯಾರ್ಥಿಗಳ ಮುಂದೆ ನಿಂತಿದ್ದರು. ಗಡ್ಡದೊಳಗೇ ಅಡಗುವಂಥ ಮೆಲುದನಿ, ಒಂದು ವಿಷಯದಿಂದ ಇನ್ನೊಂದಕ್ಕೆ ಸಾಗುವ ಉಪನ್ಯಾಸ. ಟಿಪ್ಪಣಿ ಬರೆದುಕೊಳ್ಳುವವರಿಗೆ ಅದು ದಕ್ಕುತ್ತಿರಲಿಲ್ಲ. ಗುಡ್ಡದ ಮೇಲೆ ಫಲಿಸಿದ ಕ್ರಮ ವೇಳಾಪಟ್ಟಿಯ ಕೋಣೆಯಲ್ಲಿ ಫಲಿಸಲಿಲ್ಲ. ಹೀಗಿದ್ದರೂ ಅವರ ಆಯ್ಕೆಯಿಂದ ಉನ್ನತ ವ್ಯಾಸಂಗಕ್ಕೆ ಇಂಗ್ಲೆಂಡಿಗೆ ತೆರಳಿದ ಸಂಸ್ಕೃತ ವಿದ್ಯಾರ್ಥಿ ಜಿ. ಎಸ್. ಘುರ್ಯೆ ಅವರು ಕೇಂಬ್ರಿಜ್‌ನಲ್ಲಿ ಅಧ್ಯಯನ ಮುಗಿಸಿ ಬಂದು 1924ರಲ್ಲಿ ಆ ವಿಭಾಗದ ಮುಖ್ಯಸ್ಥರಾದರು. ಘುರ್ಯೆ ಅವರ ಮಾರ್ಗ ಗೆಡ್ಡಿಸ್ ಅವರದಲ್ಲ. ಅದು ಗ್ರಂಥ ಮತ್ತು ಇತಿಹಾಸಗಳ ಮಾರ್ಗ. ಆದರೆ ಅವರು ಶಿಷ್ಯರನ್ನು ಕ್ಷೇತ್ರಕಾರ್ಯಕ್ಕೆ ಕಳುಹಿಸಿದರು. ಆ ಶಿಷ್ಯರಲ್ಲಿ ಒಬ್ಬರು ಮೈಸೂರಿನಿಂದ ಬಂದ ಎಂ. ಎನ್. ಶ್ರೀನಿವಾಸ್. ಮೈಸೂರಿನ ವಿವಾಹ ಮತ್ತು ಕುಟುಂಬ ಪದ್ಧತಿಯನ್ನು ಕುರಿತ ಶ್ರೀನಿವಾಸರ ಮೊದಲ ಗ್ರಂಥ 1942ರಲ್ಲಿ ಹೊರಬಂದಿತು. ಕನ್ನಡ ನಾಡಿನ ಸ್ಥಳ, ಕೆಲಸ, ಜನ ಇವು ಸಮಾಜಶಾಸ್ತ್ರದ ವಸ್ತುವಾದದ್ದು ಹೀಗೆ, ಗೆಡ್ಡಿಸ್ ಅವರು ತೆರೆದ ವಿಭಾಗದ ಮೂಲಕ.

ಆರೋಗ್ಯ ಕೆಟ್ಟು 1924ರಲ್ಲಿ ಭಾರತವನ್ನು ಬಿಟ್ಟ ಗೆಡ್ಡಿಸ್ ಅವರು ದಕ್ಷಿಣ ಫ್ರಾನ್ಸಿನ ಮಾಂಪೆಲಿಯೇ ನಗರದ ಹೊರವಲಯದ ಕಲ್ಲುನೆಲದಲ್ಲಿ ಕೊನೆಯ ಪ್ರಯೋಗಕ್ಕೆ ತೊಡಗಿದರು. ಮಧ್ಯಯುಗದ ವಿದ್ಯಾರ್ಥಿಗಳು ದೇಶದಿಂದ ದೇಶಕ್ಕೆ ಅಲೆದು, ತಮ್ಮ ತಮ್ಮ ನಾಡವರ ನಿಲಯಗಳಲ್ಲಿ ತಂಗಿ ಕಲಿಯುತ್ತಿದ್ದ ಪರಂಪರೆ ಅವರ ಮನಸ್ಸಿನಲ್ಲಿತ್ತು. ಸ್ಕಾಟರ ಕಾಲೇಜು ಎಂಬ ನಿಲಯವನ್ನು ಕಟ್ಟಿ, ಅದರ ಪಕ್ಕದಲ್ಲಿ ಭಾರತೀಯರಿಗೂ ಇತರ ದೇಶದವರಿಗೂ ನಿಲಯಗಳು ಏಳಬೇಕೆಂದು ಬಯಸಿದರು. ವಿದ್ಯಾರ್ಥಿಗಳು ತೋಟದಲ್ಲಿ ದುಡಿಯುತ್ತ, ಸುತ್ತಣ ನಾಡನ್ನು ಸಮೀಕ್ಷಿಸುತ್ತ ಕಲಿಯಬೇಕಿತ್ತು. ಬಂದವರು ಕೆಲವರೇ. ಹಣ ಎಂದಿನಂತೆ ಸಾಲದು. ಹಿಂದೊಮ್ಮೆ ನಿರಾಕರಿಸಿದ್ದ ನೈಟ್ ಪದವಿಯನ್ನು 1932ರಲ್ಲಿ ಸ್ವೀಕರಿಸಿದ ಅವರು ಅದೇ ವರ್ಷದ ಏಪ್ರಿಲ್ 17ರಂದು ಮಾಂಪೆಲಿಯೇಯಲ್ಲಿ ನಿಧನರಾದರು. ಅವರ ಕನಸಿನ ವಿದ್ಯಾರ್ಥಿಗಳ ಜಗತ್ತು ಅವರೊಡನೆಯೇ ಮುಗಿಯಿತೆಂದು ಆಗ ತೋರಿರಬಹುದು.

ಇಂದು ಪ್ರಪಂಚದ ಬಹುತೇಕ ದೊಡ್ಡ ವಿಶ್ವವಿದ್ಯಾಲಯಗಳು ಪರದೇಶದ ವಿದ್ಯಾರ್ಥಿಗಳಿಗೆ ಬೇಸಗೆಯ ಅಲ್ಪಾವಧಿ ಪಠ್ಯಕ್ರಮಗಳನ್ನು ನಡೆಸುತ್ತವೆ. ಭಾರತೀಯ ಅಧ್ಯಯನಗಳ ಅಮೆರಿಕನ್ ಸಂಸ್ಥೆಯು ಮೈಸೂರಿನಲ್ಲಿ ನಡೆಸಿದ ಬೇಸಗೆ ತರಗತಿಗಳಲ್ಲಿ ವಿದೇಶೀ ವಿದ್ಯಾರ್ಥಿಗಳು ಕನ್ನಡವನ್ನು ಕಲಿತಿದ್ದಾರೆ. ಅಂಕ, ಶುಲ್ಕ, ಪ್ರಮಾಣಪತ್ರಗಳ ವ್ಯವಸ್ಥೆ ಇಂಥ ಪಠ್ಯಕ್ರಮಗಳಿಗೆ ಗೆಡ್ಡಿಸ್ ಅವರ ಕೂಟಗಳಿಗಿಲ್ಲದ ಸ್ಥಿರತೆಯನ್ನು ತಂದುಕೊಟ್ಟಿದೆ. ಆ ಸ್ಥಿರತೆಯನ್ನು ಒದಗಿಸಿಕೊಳ್ಳಲಾಗದಿದ್ದುದು ಗೆಡ್ಡಿಸ್ ಅವರ ಸೋಲು. ಆದರೆ ಬಂದ ವಿದ್ಯಾರ್ಥಿ ಆ ಕೆಲವು ವಾರಗಳಲ್ಲಿ ತರಗತಿಯ ಹೊರಗಿನ ಊರನ್ನು ಕಂಡನೇ, ಮರಳಿ ಹೋಗಿ ತನ್ನ ಊರನ್ನು ಹೊಸದಾಗಿ ಕಂಡನೇ ಎಂದು ಕೇಳುವ ಹೊಣೆ ಈ ಪಠ್ಯಕ್ರಮಗಳನ್ನು ರೂಪಿಸುವ ಪ್ರತಿಯೊಬ್ಬ ಅಧ್ಯಾಪಕನ ಮೇಲಿದೆ. ಆ ಹೊಣೆಯನ್ನು ಮೊದಲಿಗೆ ಸ್ಪಷ್ಟವಾಗಿ ಗುರುತಿಸಿ, ಅದಕ್ಕಾಗಿ ತನ್ನದೆಲ್ಲವನ್ನೂ ವ್ಯಯಿಸಿದವರೆಂದು ಪ್ಯಾಟ್ರಿಕ್ ಗೆಡ್ಡಿಸ್ ಅವರು ಸ್ಮರಣೀಯರು.