ಡೇಮ್ ಆಲಿಸ್ ಕಿಟೆಲರ್

ಐರ್ಲೆಂಡಿನ ಮಾಟಗಾರಿಕೆಯ ಚರಿತ್ರೆಯಲ್ಲಿ ಡೇಮ್ ಆಲಿಸ್ ಕಿಟೆಲರಳ ಪ್ರಕರಣಕ್ಕೆ ವಿಶೇಷ ಸ್ಥಾನವಿದೆ. ಕಿಲ್ಕೆನ್ನಿ ನಗರದ ವರ್ತಕ ಮನೆತನದ ಈಕೆ ನಾಲ್ಕು ಬಾರಿ ವಿವಾಹವಾದಳು, ಲೇವಾದೇವಿಯಿಂದ ಸಿರಿವಂತಳಾದಳು. ಆಸ್ತಿಯು ಮೊದಲ ಮದುವೆಯ ಮಗ ವಿಲಿಯಂ ಔಟ್‌ಲಾನ ಪಾಲಾದುದರಿಂದ ಕುಪಿತರಾದ ಮಲಮಕ್ಕಳು, ಆಕೆ ಮದ್ದುಮಾಟಗಳಿಂದ ತಮ್ಮ ತಂದೆಯರನ್ನು ಕೆಡಿಸಿದಳೆಂದು ದೂರಿದರು. 1324ರಲ್ಲಿ ಬಿಷಪ್ ರಿಚರ್ಡ್ ಲೆಡ್ರೀಡ್ ಈ ದೂರನ್ನು ಧರ್ಮದ್ರೋಹದ ಆರೋಪವಾಗಿ ಬೆಳೆಸಿದನು. ಪ್ರಭಾವಶಾಲಿಗಳ ಬೆಂಬಲವಿದ್ದ ಆಲಿಸ್ ತಪ್ಪಿಸಿಕೊಂಡು ಪಾರಾದಳು; ವಿಲಿಯಂ ಪ್ರಾಯಶ್ಚಿತ್ತವಾಗಿ ಕೆಥೆಡ್ರಲ್ಲಿಗೆ ಸೀಸದ ಹೊದಿಕೆ ಮಾಡಿಸಲು ಒಪ್ಪಿ ಉಳಿದುಕೊಂಡನು. ಅಂಥ ಆಸರೆಯಿಲ್ಲದ ಸೇವಕಿ ಪೆಟ್ರೊನಿಲ್ಲ ಚಾವಟಿಯೇಟಿಗೆ ಮಣಿದು ತಪ್ಪೊಪ್ಪಿಕೊಂಡು, ನವೆಂಬರ್ 3ರಂದು ಬೆಂಕಿಗೆ ಆಹುತಿಯಾದಳು. ಆಲಿಸಳ ಮುಂದಿನ ಬದುಕು ದಾಖಲೆಗಳಲ್ಲಿಲ್ಲ. ಈ ವೃತ್ತಾಂತ ಉಳಿದಿರುವುದು ಬಿಷಪನ ಪಕ್ಷದ ಲ್ಯಾಟಿನ್ ಬರಹದಲ್ಲಿ. ಆದರೂ ಮಂತ್ರಕ್ಕಿಂತ ಆಸ್ತಿ, ಅಧಿಕಾರಗಳೇ ಅದರಲ್ಲಿ ಎದ್ದುಕಾಣುತ್ತವೆ.