ಅಡುಗೆ ಉಪ್ಪು ಕರಗಿಸಿದರೆ ಕಡಲ ನೀರಾಗುತ್ತದೆಯೇ? ಅಕ್ವೇರಿಯಂ ಹುಚ್ಚು ಹತ್ತಿಸಿದ ಫಿಲಿಪ್ ಗಾಸ್ ಬದುಕು ಹೇಳುವ ಸತ್ಯ

ಹವಳ, ಬಣ್ಣದ ಮೀನು ತುಂಬಿದ ಗಾಜಿನ ತೊಟ್ಟಿಯ ವಿಡಿಯೊ ಮೊಬೈಲಿಗೆ ಬಂದಾಗ ನಮ್ಮ ಮನೆಯಲ್ಲೂ ಇಂಥದ್ದೊಂದು ಇರಲಿ ಅನಿಸುವುದು ಸಹಜ. ಅದರ ಜೊತೆಗೆ ಮೂರು ಮಾತುಗಳೂ ಕೇಳಿಬರುತ್ತವೆ. ನಲ್ಲಿ ನೀರಿಗೆ ಅಡುಗೆ ಉಪ್ಪು ಹಾಕಿದರೆ ಸಾಕು. ಒಳಗೆ ಹಸಿರು ಇದ್ದರೆ ನೀರು ಬದಲಿಸುವುದೇ ಬೇಡ. ಸಮುದ್ರದಿಂದ ಒಂದೆರಡು ಜೀವಿ ತಂದರೆ ಏನೂ ನಷ್ಟವಿಲ್ಲ. ಈ ಮೂರೂ ಏಕೆ ತಪ್ಪು ಎಂಬುದಕ್ಕೆ 19ನೇ ಶತಮಾನದ ಇಂಗ್ಲೆಂಡಿನ ಒಬ್ಬ ಜೀವವಿಜ್ಞಾನಿಯ ಬದುಕಿನಲ್ಲೇ ಉತ್ತರವಿದೆ.

ಯಾರು ಈ ಗಾಸ್?

ಫಿಲಿಪ್ ಹೆನ್ರಿ ಗಾಸ್ ಹುಟ್ಟಿದ್ದು 1810ರಲ್ಲಿ. ತಂದೆ ಊರೂರು ತಿರುಗಿ ಪುಟ್ಟ ಭಾವಚಿತ್ರ ಬರೆಯುತ್ತಿದ್ದ ಕಲಾವಿದ. ಬಾಲ್ಯ ಕಳೆದದ್ದು ಪೂಲ್ ಎಂಬ ಬಂದರು ಊರಿನಲ್ಲಿ. 17ನೇ ವಯಸ್ಸಿಗೆ ಗುಮಾಸ್ತನಾಗಿ ನ್ಯೂಫೌಂಡ್‌ಲೆಂಡಿಗೆ ಹಡಗು ಹತ್ತಿದರು. ಅಲ್ಲಿ ಕೀಟಗಳನ್ನು ನೋಡುತ್ತಾ, ಚಿತ್ರ ಬರೆಯುತ್ತಾ ವಿಜ್ಞಾನವನ್ನು ತಾವೇ ಕಲಿತರು. ಮುಂದೆ ಕೆನಡಾದಲ್ಲಿ ಕೃಷಿ, ಅಮೆರಿಕದ ಅಲಬಾಮಾದಲ್ಲಿ ಮೇಷ್ಟ್ರ ಕೆಲಸ, ಜಮೈಕಾದಲ್ಲಿ ಹಕ್ಕಿಗಳ ಅಧ್ಯಯನ. ಆರೋಗ್ಯ ಕೆಟ್ಟಾಗ, 1852ರಲ್ಲಿ, ಹೆಂಡತಿ ಎಮಿಲಿ ಮತ್ತು ಪುಟ್ಟ ಮಗ ಎಡ್ಮಂಡ್ ಜೊತೆ ಡೆವನ್ ಕರಾವಳಿಗೆ ಬಂದರು. ಇಳಿತದ ಹೊತ್ತಿಗೆ ಬಂಡೆಗಳ ನಡುವೆ ಉಳಿಯುವ ನೀರಿನ ಗುಂಡಿಗಳು ಅವರ ಪ್ರಯೋಗಾಲಯವಾದವು.

ಅಕ್ವೇರಿಯಂ ಕಂಡುಹಿಡಿದವರು ಇವರೇನಾ?

ಹಾಗೆಂದು ಹಲವರು ನಂಬಿದ್ದಾರೆ, ಆದರೆ ಸರಿಯಲ್ಲ. ಫ್ರಾನ್ಸಿನ ಜಾನ್ ವಿಲ್‌ಪ್ರೂ-ಪವರ್ ಎಂಬ ಮಹಿಳೆ 1832ರಲ್ಲೇ ಸಿಸಿಲಿ ದ್ವೀಪದಲ್ಲಿ ಗಾಜಿನ ತೊಟ್ಟಿ ಮಾಡಿಸಿ ಆರ್ಗೊನಾಟ್ ಎಂಬ ಕಡಲಜೀವಿಯನ್ನು ಅಭ್ಯಾಸ ಮಾಡಿದ್ದರು. 1840ರ ದಶಕದಲ್ಲಿ ಆನಾ ಥಿನ್ ಎಂಬುವರು ಲಂಡನ್ನಿನ ಮನೆಯಲ್ಲಿ ಹವಳಗಳನ್ನು ಉಳಿಸಿಕೊಂಡಿದ್ದರು. ನೀರಿಗೆ ಗಾಳಿ ಸೇರಲೆಂದು ಅದನ್ನು ಪಾತ್ರೆಯಿಂದ ಪಾತ್ರೆಗೆ ಸುರಿಸುತ್ತಿದ್ದರು. 1850ರಲ್ಲಿ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್, ನೀರಿನ ಗಿಡ ಬಿಡುವ ಆಮ್ಲಜನಕ ಮೀನಿಗೆ ಆಸರೆಯಾಗುತ್ತದೆ ಎಂದು ತೊಟ್ಟಿಯಲ್ಲೇ ತೋರಿಸಿದರು.

ಗಾಸ್ ಮಾಡಿದ್ದು ಇದನ್ನೆಲ್ಲ ಸಾಮಾನ್ಯರ ಮನೆಗೆ ತಲುಪಿಸುವ ಕೆಲಸ. 1853ರಲ್ಲಿ ಲಂಡನ್ ಪ್ರಾಣಿ ಸಂಗ್ರಹಾಲಯದಲ್ಲಿ ಮೊದಲ ಸಾರ್ವಜನಿಕ ಮೀನುಮನೆ ತೆರೆದಾಗ ಅದಕ್ಕೆ ಜೀವಿಗಳನ್ನು ಒದಗಿಸಿದವರಲ್ಲಿ ಅವರೂ ಒಬ್ಬರು. ಮರುವರ್ಷ ಅವರ ಪುಸ್ತಕ ಬಂತು. ಅಕ್ವೇರಿಯಂ ಎಂಬ ಹೆಸರು ಜನರ ಬಾಯಲ್ಲಿ ನಿಂತದ್ದು ಆ ಪುಸ್ತಕದಿಂದ.

ಉಪ್ಪಿನ ಲೆಕ್ಕ

ಲಂಡನ್ನಿನವರಿಗೆ ಕಡಲ ನೀರು ಸುಲಭಕ್ಕೆ ಸಿಗುತ್ತಿರಲಿಲ್ಲ. ಅದಕ್ಕೇ 1854ರಲ್ಲಿ ಗಾಸ್ ಕೃತಕ ಕಡಲ ನೀರಿನ ಪಾಕವೊಂದನ್ನು ಪ್ರಕಟಿಸಿದರು. ಅದರಲ್ಲಿ ಇದ್ದದ್ದು ಅಡುಗೆ ಉಪ್ಪು, ಎಪ್ಸಮ್ ಸಾಲ್ಟ್, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್. ತೂಕದಲ್ಲಿ ಸುಮಾರು ಶೇ 80ರಷ್ಟು ಅಡುಗೆ ಉಪ್ಪೇ. ಆದರೂ ಉಳಿದ ಮೂರನ್ನು ಅವರು ಬಿಡಲಿಲ್ಲ. ಮೊದಲು ಕಡಲ ಪಾಚಿ ಬಿಟ್ಟು, ಕೆಲವು ದಿನ ಕಾದು, ಆಮೇಲಷ್ಟೇ ಪ್ರಾಣಿಗಳನ್ನು ಇಳಿಸಿದರು.

ಈ ಪಾಕದಲ್ಲಿ ಕ್ಯಾಲ್ಸಿಯಂ ಲವಣ ಇರಲಿಲ್ಲ. ಮೆತ್ತನೆ ಮೈಯ ಜೀವಿಗಳು ಅದರಲ್ಲಿ ಹೇಗೋ ಬದುಕಿದವು. ಹವಳದ ಮಾತು ಬೇರೆ. ಕಲ್ಲು ಹವಳವೆಂಬ ಪುಟ್ಟ ಪ್ರಾಣಿ ತನ್ನ ಗೂಡನ್ನು ಕ್ಯಾಲ್ಸಿಯಂ ಕಾರ್ಬೊನೇಟಿನಿಂದಲೇ ಕಟ್ಟುತ್ತದೆ. ಅದಕ್ಕೆ ಲೀಟರಿಗೆ 400 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಬೇಕು. ಅಡುಗೆ ಉಪ್ಪೊಂದನ್ನೇ ಕರಗಿಸಿದ ನೀರು ಕಡಲ ನೀರಾಗುವುದಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ರೀಫ್ ಸಾಲ್ಟನ್ನೇ, ಶುದ್ಧ ಆರ್‌ಒ ನೀರಿನಲ್ಲಿ, ಲೀಟರಿಗೆ ಸುಮಾರು 35 ಗ್ರಾಂ ಲವಣಾಂಶ ಬರುವಂತೆ ಕರಗಿಸಬೇಕು.

ನೀರು ಬದಲಿಸುವುದು ಬೇಡವೇ?

ಪಾಚಿ ಮತ್ತು ಪ್ರಾಣಿ ಸಮವಾಗಿದ್ದರೆ ನೀರು ತಾನೇ ಶುದ್ಧವಾಗಿರುತ್ತದೆ ಎಂಬುದು ಆ ಕಾಲದ ವಿಜ್ಞಾನದ ನಂಬಿಕೆ. ಅದು ಅರ್ಧ ಸತ್ಯ. ಮೀನಿನ ಮಲ, ಉಳಿದ ಆಹಾರ ಕೊಳೆತಾಗ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತದೆ. ಇವುಗಳನ್ನು ರಷ್ಯಾದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ ಬೇರ್ಪಡಿಸಿ ತೋರಿಸಿದ್ದು 1890ರ ಸುಮಾರಿಗೆ. ಗಾಸ್ ತೀರಿಕೊಂಡದ್ದು 1888ರಲ್ಲಿ. ತಮ್ಮ ತೊಟ್ಟಿಯನ್ನು ಕಾದವರು ಯಾರೆಂದು ತಿಳಿಯುವ ಮೊದಲೇ ಅವರು ಹೊರಟುಹೋದರು.

ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮೊದಲ ದಿನವೇ ಮೀನು ಬಿಟ್ಟವರ ತೊಟ್ಟಿಯಲ್ಲಿ ಸಾವು ಕಾಣುವುದು ಇದಕ್ಕೇ. ನೈಟ್ರೇಟ್ ತೊಟ್ಟಿಯಲ್ಲೇ ಸೇರುತ್ತಾ ಹೋಗುವುದರಿಂದ ನೀರನ್ನು ಆಗಾಗ ಸ್ವಲ್ಪ ಬದಲಿಸಲೇಬೇಕು.

ಬರಿದಾದ ಬಂಡೆಗಳು

ಗಾಸ್ ಪುಸ್ತಕ ಓದಿದವರೆಲ್ಲ ಕರಾವಳಿಗೆ ಹೊರಟರು. ಒಬ್ಬೊಬ್ಬರು ಹಿಡಿದದ್ದು ಒಂದೆರಡು ಜೀವಿ ಇರಬಹುದು, ಆದರೆ ಹಿಡಿದವರು ಸಾವಿರಾರು ಮಂದಿ. ಕೆಲವೇ ವರ್ಷಗಳಲ್ಲಿ ಡೆವನ್ನಿನ ಆ ಗುಂಡಿಗಳು ಬರಿದಾದವು.

1857 ಗಾಸ್ ಪಾಲಿಗೆ ಕಷ್ಟದ ವರ್ಷ. ಎಮಿಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಸೃಷ್ಟಿಯ ಬಗ್ಗೆ ಬರೆದ ಧಾರ್ಮಿಕ ವಾದದ ಪುಸ್ತಕ ನಗೆಪಾಟಲಾಯಿತು. ಅವರು ಮತ್ತೆ ಡೆವನ್ ದಡಕ್ಕೇ ಮರಳಿ, ಹೂವಿನಂತೆ ಅರಳುವ ಸೀ ಅನಿಮೊನಿಗಳ ಕುರಿತು ದೊಡ್ಡ ಗ್ರಂಥ ಬರೆದರು. ತಮ್ಮ ಬರಹವೇ ಆ ದಡವನ್ನು ಬರಿದು ಮಾಡಿತೆಂಬ ನೋವು ತಂದೆಯನ್ನು ಕಾಡಿತ್ತು ಎಂದು ಎಡ್ಮಂಡ್ 1907ರ ತಮ್ಮ ನೆನಪಿನ ಪುಸ್ತಕದಲ್ಲಿ ದಾಖಲಿಸಿದ್ದಾರೆ.

ಹಾಗಾದರೆ ನಾವೇನು ಮಾಡಬೇಕು?

• ತೊಟ್ಟಿ ಸಿದ್ಧಪಡಿಸಿ, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಗೆ ಇಳಿಯುವವರೆಗೆ ಕಾಯಿರಿ. ಟೆಸ್ಟ್ ಕಿಟ್ ಇಲ್ಲದೆ ಇದು ತಿಳಿಯದು.
• ಉಷ್ಣತೆ 24ರಿಂದ 26 ಡಿಗ್ರಿ ಸೆಲ್ಸಿಯಸ್ ಇರಲಿ.
• ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಕಡಿಮೆಯಾದಷ್ಟನ್ನು ಸಿಹಿ ಆರ್‌ಒ ನೀರಿನಿಂದಲೇ ತುಂಬಿಸಿ.
• ವಾರಕ್ಕೊಮ್ಮೆ ಸುಮಾರು ಶೇ 10ರಷ್ಟು ನೀರು ತೆಗೆದು, ಹೊಸ ಉಪ್ಪುನೀರು ಹಾಕಿ.
• ಕೃತಕವಾಗಿ ಮರಿ ಮಾಡಿಸಿದ ಕ್ಲೌನ್ ಮೀನಿನಿಂದ ಶುರು ಮಾಡಿ. ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ಅದರ ವಿಧಾನ ರೂಪಿಸಿದೆ.
• ಕಡಲಿನಿಂದ ಹವಳ ಕೀಳಬೇಡಿ, ಕಿತ್ತದ್ದನ್ನು ಕೊಳ್ಳಬೇಡಿ. ಕಲ್ಲು ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ 1ರ ರಕ್ಷಣೆ ಇದೆ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ, ಅವನ್ನು ಅಲ್ಲೇ ನೋಡೋಣ.

ಮುಂದಿನ ಸಲ ಅಂಥ ವಿಡಿಯೊ ಬಂದಾಗ, ಫಾರ್ವರ್ಡ್ ಮಾಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಜೀವಿ ಬಂದದ್ದು ಎಲ್ಲಿಂದ?