ಜಾನ್ ವೆಸ್ಲಿಯವರೂ ವೃದ್ಧ ವಿಧವೆಯರೂ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ನಮ್ಮ ಹಳ್ಳಿಗಳಿಂದ ಪ್ರಾಯದವರು ಕೆಲಸವನ್ನರಸಿ ಬೆಂಗಳೂರಿಗೆ ಹೊರಟುಹೋಗುವರು. ಜಗಲಿಯ ಮೇಲೆ ಮುದುಕರು ಉಳಿಯುವರು. ಅಣ್ಣತಮ್ಮಂದಿರು ಬೇರೆಯಾದಾಗ ಹೊಲಗದ್ದೆಗಳನ್ನು ಹಂಚಿಕೊಂಡಂತೆಯೇ ತಾಯಿಯನ್ನೂ ತಿಂಗಳ ಸರದಿಗೆ ಹಂಚಿಕೊಳ್ಳುವದನ್ನು ನಾವೆಲ್ಲರೂ ಕಂಡಿದ್ದೇವೆ. ಇಂಥವರ ವಿಷಯದಲ್ಲಿ ಸಭೆಯ ಹೊಣೆ ಏನೆಂಬದನ್ನು ನಡತೆಯಿಂದಲೇ ತೋರಿಸಿದವರು ಜಾನ್ ವೆಸ್ಲಿಯವರು. 19ನೆಯ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದು ಸೇವೆಮಾಡಿದ ವೆಸ್ಲಿಯನ್ ಮಿಶನ್ನು ಅವರ ಹೆಸರನ್ನೇ ಧರಿಸಿತ್ತು. 1947ರಲ್ಲಿ ಅದರ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಕೂಡಿಕೊಂಡವು. ಅವರ ಪ್ರಸಂಗಗಳ ಖ್ಯಾತಿಯನ್ನು ಕೇಳಿದವರು ಅನೇಕರು. ಅವರು ಯಾರೊಡನೆ ಕುಳಿತು ಉಂಡರೆಂಬದನ್ನು ಬಲ್ಲವರು ಕಡಿಮೆ.

ವೆಸ್ಲಿಯವರು 1703ರಲ್ಲಿ ಇಂಗ್ಲೆಂಡಿನ ಎಪ್ವರ್ತ್ ಎಂಬ ಊರಿನಲ್ಲಿ ಬೋಧಕರೊಬ್ಬರ ಮಗನಾಗಿ ಹುಟ್ಟಿದರು. 1709ರಲ್ಲಿ ಮನೆಗೆ ಬೆಂಕಿ ಬಿದ್ದಾಗ ನೆರೆಯವರು ಬಾಲಕನನ್ನು ಕಿಟಕಿಯಿಂದ ಇಳಿಸಿ ಬದುಕಿಸಿದರು. ಆಕ್ಸ್‌ಫರ್ಡಿನಲ್ಲಿದ್ದಾಗಲೇ ಅವರು ಸೆರೆಯಲ್ಲಿದ್ದವರನ್ನು ಕಾಣಹೋಗುತ್ತಿದ್ದರು. 1738ರ ಮೇ 24ರಂದು ಲಂಡನಿನ ಕೂಟವೊಂದರಲ್ಲಿ ಅವರಿಗೆ ರಕ್ಷಣೆಯ ನಿಶ್ಚಯ ದೊರಕಿದ ವೃತ್ತಾಂತವು ಎಲ್ಲರಿಗೂ ತಿಳಿದದ್ದೇ.

ಅವರ ತಾಯಿಯಾದ ಸುಸನ್ನಾ 1735ರಲ್ಲಿ ವಿಧವೆಯಾದರು. ಗಂಡನು ಬಿಟ್ಟುಹೋದದ್ದು ಸಾಲವೇ. ಮಕ್ಕಳ ಮನೆಯಿಂದ ಮನೆಗೆ ಗಂಟು ಹೊತ್ತು ಹೋಗುವದು ಆ ತಾಯಿಗೂ ತಪ್ಪಲಿಲ್ಲ. ಫಿರಂಗಿಗಳನ್ನು ಎರಕಹೊಯ್ಯುತ್ತಿದ್ದ ಹಾಳು ಕಾರ್ಖಾನೆಯೊಂದನ್ನು ವೆಸ್ಲಿಯವರು ಲಂಡನಿನಲ್ಲಿ ಕೊಂಡು ಪ್ರಾರ್ಥನಾಲಯ ಮಾಡಿದ ಮೇಲೆ, ಆಕೆ ಅಲ್ಲಿಯೇ ಮಗನ ಬಳಿಯಲ್ಲಿದ್ದು 1742ರಲ್ಲಿ ಕರ್ತನಲ್ಲಿ ನಿದ್ರೆಹೋದರು.

ಆ ಸಭೆಯಲ್ಲಿ ದುಡಿಯಲು ಶಕ್ತಿಯಿಲ್ಲದ, ನೋಡುವವರಿಲ್ಲದ ವೃದ್ಧ ವಿಧವೆಯರು ಬಹುಮಂದಿ ಇದ್ದರು. ವೆಸ್ಲಿಯವರು ಪ್ರಾರ್ಥನಾಲಯದ ಹತ್ತಿರ ಎರಡು ಚಿಕ್ಕ ಮನೆಗಳನ್ನು ಗುತ್ತಿಗೆಗೆ ಹಿಡಿದು, ದುರಸ್ತು ಮಾಡಿಸಿ, ಹಿಡಿಯುವಷ್ಟು ಮಂದಿಯನ್ನು ಅಲ್ಲಿ ಇರಿಸಿದರು. ಖರ್ಚಿಗೆ ಮೊದಲು ವಾರದ ಚಂದಾ, ಬಳಿಕ ಕರ್ತನ ಭೋಜನದ ವೇಳೆಯಲ್ಲಿ ಕೂಡಿದ ಕಾಣಿಕೆ. 1748ರ ಸುಮಾರಿಗೆ ಅಲ್ಲಿ ಒಂಬತ್ತು ಮಂದಿ ವಿಧವೆಯರೂ ಒಬ್ಬ ಕುರುಡಿಯೂ ಇಬ್ಬರು ಬಡ ಮಕ್ಕಳೂ ಇದ್ದರು. ಊರಿನಲ್ಲಿದ್ದಾಗ ವೆಸ್ಲಿಯವರೂ ಇತರ ಬೋಧಕರೂ ಅದೇ ಮೇಜಿನಲ್ಲಿ ಕುಳಿತು ಅದೇ ಆಹಾರವನ್ನು ಉಣ್ಣುತ್ತಿದ್ದರು. ಒಂದು ಸೇರು ರಾಗಿಯನ್ನು ಬಾಗಿಲಲ್ಲಿ ಅಳೆದುಕೊಟ್ಟು ಕಳುಹಿಸುವದು ಸುಲಭ. ಮುದುಕಿಯ ಪಕ್ಕದಲ್ಲಿ ಕುಳಿತು ಆಕೆಯ ಮುದ್ದೆಯನ್ನೇ ತಾನೂ ಮುರಿಯುವದು ಬೇರೆ. ಪಂಕ್ತಿಭೇದದ ನೋವನ್ನು ಉಂಡ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಸಿಗೆ ಹಿಡಿದವರಿಗಾಗಿ ಮತ್ತೊಂದು ಏರ್ಪಾಡಾಯಿತು. ಲಂಡನನ್ನು 23 ಭಾಗಗಳಾಗಿ ವಿಂಗಡಿಸಿ, 46 ಮಂದಿ ಸಭಿಕರನ್ನು ಆರಿಸಿ, ಭಾಗಕ್ಕೆ ಇಬ್ಬರಂತೆ ನೇಮಿಸಿದರು. ಇವರು ಪ್ರತಿ ರೋಗಿಯನ್ನೂ ವಾರಕ್ಕೆ ಮೂರು ಸಾರಿ ಕಂಡು, ಆತ್ಮದ ಸ್ಥಿತಿಯನ್ನೂ ದೇಹದ ಸ್ಥಿತಿಯನ್ನೂ ವಿಚಾರಿಸಿ, ಕೊರತೆಯಿದ್ದಲ್ಲಿ ಒದಗಿಸಿ, ವಾರವಾರವೂ ಲೆಕ್ಕವೊಪ್ಪಿಸಬೇಕು. ಮೃದುವಾಗಿರಬೇಕು, ಶುಚಿಯಾಗಿರಬೇಕು, ಹೇಸಬಾರದು. ಈಗ ನಮ್ಮ ವೃದ್ಧರಿಗೆ ಸರ್ಕಾರದ ಪಿಂಚಣಿಯುಂಟು. 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯೂ ಬಂತು. ಆದರೆ ಆ ಹಣ ಕೈಸೇರಿತೋ ಇಲ್ಲವೋ ಎಂದು ಕೇಳುವದಕ್ಕೂ, ಕಣ್ಣು ಮಂಜಾದವರಿಗೆ ಒಂದು ಅಧ್ಯಾಯ ಓದಿ ಹೇಳುವದಕ್ಕೂ ಮನುಷ್ಯನೇ ಬಾಗಿಲಿಗೆ ಬರಬೇಕಷ್ಟೆ. ಒಂದು ಹಳ್ಳಿಯ ಸಭೆಗೆ 46 ಮಂದಿ ಬೇಡ, ಇಬ್ಬರು ಸಾಕು.

ವೆಸ್ಲಿಯವರು ತಾವೇ ಮುದುಕರಾದರು. 1785ರ ಜನವರಿಯಲ್ಲಿ ಅವರಿಗೆ 81 ವರುಷ. ಪ್ರತಿವರುಷ ಆ ಚಳಿಯಲ್ಲಿ ಬಡವರಿಗೆ ಇದ್ದಲನ್ನೂ ರೊಟ್ಟಿಯನ್ನೂ ಹಂಚುವ ವಾಡಿಕೆಯಿತ್ತು. ಆ ವರುಷ ಬಟ್ಟೆಯೂ ಬೇಕೆಂದು ಅವರಿಗೆ ತೋರಿತು. ಕರಗುವ ಹಿಮವು ಹರಡಿದ್ದ ಬೀದಿಗಳಲ್ಲಿ ಐದು ದಿನ ನಡೆದು, ಮನೆಮನೆಯಲ್ಲಿ ಬೇಡಿ, 200 ಪೌಂಡು ಕೂಡಿಸಿದರು. ಬೆಳಗಿನಿಂದ ಸಾಯಂಕಾಲದ ವರೆಗೆ ಪಾದಗಳು ಹಿಮದ ನೀರಿನಲ್ಲಿ ನೆನೆದವು. ಕೊನೆಗೆ ಹೊಟ್ಟೆಯ ಬೇನೆಯಿಂದ ಮಲಗಿ ವೈದ್ಯರನ್ನು ಕರೆಸಬೇಕಾಯಿತು. ಆ ಪ್ರಾಯದಲ್ಲಿ ಇದು ವಿವೇಕವೇ ಎಂದು ಕೇಳುವವರಿರಬಹುದು. ಬಟ್ಟೆ ಸಿಕ್ಕಿದವರು ಹಾಗೆ ಕೇಳಿರಲಾರರು.

1791ರ ಮಾರ್ಚಿ 2ರಂದು, 87ನೆಯ ವಯಸ್ಸಿನಲ್ಲಿ, ಲಂಡನಿನ ತಮ್ಮ ಮನೆಯಲ್ಲಿ ಅವರು ತೀರಿಕೊಂಡರು. ಶವದ ಬಂಡಿಯಾಗಲಿ ಆಡಂಬರವಾಗಲಿ ಕೂಡದೆಂದೂ, ಆರು ಮಂದಿ ಬಡವರು ತಮ್ಮನ್ನು ಹೊರಬೇಕೆಂದೂ, ಅವರಿಗೆ ತಲೆಗೊಂದು ಪೌಂಡು ಸಲ್ಲಬೇಕೆಂದೂ ಅವರು ಮರಣಶಾಸನದಲ್ಲಿ ಬರೆದಿಟ್ಟಿದ್ದರು. ಮಾರ್ಚಿ 9ರ ಮುಂಜಾವಿನಲ್ಲಿ, ಪ್ರಾರ್ಥನಾಲಯದ ಹಿಂದಿನ ನೆಲದಲ್ಲಿ ಅವರನ್ನು ಹೂಣಿಟ್ಟರು.